ಮಂಚದ ಕೆಳಗಿನ ಬೇಸಿನ್

ಮನೆಗೆ ಯಾರಾದರೂ ಬಂದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ನೀರು ಕೊಡುವುದಲ್ಲ. ಅವ್ವನ ಮಂಚದ ಕೆಳಗಿನ ಬೇಸಿನ್ನನ್ನು ಕಾಲಲ್ಲಿ ಒಳಕ್ಕೆ ತಳ್ಳುವುದು. ಬಂದವರು ಅದನ್ನೂ ಕಂಡಿರುತ್ತಿದ್ದರು, ನಾನು ತಳ್ಳಿದ್ದನ್ನೂ ಕಂಡಿರುತ್ತಿದ್ದರು. ಆದರೂ ಎಲ್ಲರೂ ಸೇರಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆವು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಈ ನಾಜೂಕು ಎಲ್ಲಿಂದ ಬಂತೋ! ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು.

ಲಕ್ವ ಹೊಡೆದು ಅವ್ವನ ಎಡಗೈ, ಎಡಗಾಲು ಬಿದ್ದುಹೋಗಿದ್ದವು, ಬಾಯಿ ಸೊಟ್ಟಗಾಗಿತ್ತು. ಹೊರಗಿನವರು ಬಂದರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ತಾಂಡ್ಯದ ಫ್ಯಾಕ್ಟರಿಯಲ್ಲಿ ನನ್ನ ಶಿಫ್ಟು ಶುರುವಾಗುವವರೆಗೆ ಅವಳ ಚಾಕರಿಯೆಲ್ಲ ನನ್ನದೇ. ಫ್ಯಾಕ್ಟರಿ ಸೇರುವ ಮೊದಲು ಬನ್ನೂರಿನ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ಮೂಟೆಯನ್ನು ಎಳೆಯಬಾರದು, ಎದೆಗೆ ಒರಗಿಸಿಕೊಂಡು, ಭಾರ ನಮ್ಮ ಕಡೆ ಬಂದಮೇಲೆ ಏಳಬೇಕು. ಅವ್ವನನ್ನೂ ಹಾಗೇ ಎತ್ತುತ್ತಿದ್ದೆ.

"ನಾನೇನು ಬತ್ತದ ಮೂಟೆಯೇನ್ಲಾ?"

"ಬತ್ತ ಇಷ್ಟು ಬಯ್ಯಾಕಿಲ್ಲ ಕಣವ್ವ."

ಮಲಗಿದಲ್ಲೇ ಇದ್ದರೂ ಅವಳ ಬೆನ್ನಲ್ಲಿ ಒಂದು ಹುಣ್ಣೂ ಇಲ್ಲದ್ದು ಕಂಡು, ಅವಳನ್ನು ನೋಡಲು ಬರುತ್ತಿದ್ದ ನಂಜನಗೂಡಿನ ನರ್ಸಮ್ಮ ಮೈಸೂರಿನ ಸಿನಿಮಾದವರಿಗೆ ಹೇಳಿದರಂತೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆಂದು ಹಳ್ಳಿಗಳಲ್ಲಿ ತೋರಿಸುವ ಹತ್ತು ನಿಮಿಷದ ಸಿನಿಮಾ. "ಇದ್ದದ್ದು ಇದ್ದ ಹಾಗೇ ಬೇಕು" ಎನ್ನುತ್ತಲೇ ಒಳಬಂದ ಡೈರೆಕ್ಟರು, ಮಂಚಕ್ಕೆ ಹೊಸ ಹೊದಿಕೆ ಹಾಸಿಸಿದರು, ಬೇಸಿನ್ನನ್ನು ಹಿತ್ತಲಿಗೆ ಕಳಿಸಿದರು. ಕೊನೆಗೆ ಅವ್ವನನ್ನೇ ಕುರ್ಚಿಗೆ ಸಾಗಿಸಿ, ಅವಳ ಜಾಗದಲ್ಲಿ ಮೈಸೂರಿನ ನಾಟಕದ ಹೆಂಗಸೊಬ್ಬಳನ್ನು ಮಲಗಿಸಿದರು. ಅವಳ ಬಾಯಿ ನೆಟ್ಟಗಿತ್ತು.

ನಾನು ಎತ್ತಲು ಬಗ್ಗಿದೆ. ಕೈ ತಾಗುವ ಮೊದಲೇ ಆಕೆ ಎದ್ದು ಕೂತಳು. ಮೂರು ಸಲವೂ ಅದೇ ಆಯಿತು.

"ಸಾ, ಈವಮ್ಮ ತಾನೇ ಎದ್ದೇಳ್ತದೆ. ಇದ ನೋಡ್ಕಂಡು ಜನ ಎಳುದ್ರೆ ರೋಗಿ ಬೆನ್ನು ಸುಲ್ದೋಯ್ತದೆ."

"ಸಿನಿಮಾದಲ್ಲಿ ಗೊತ್ತಾಗಲ್ಲಪ್ಪ."

ಕುರ್ಚಿಯಿಂದ ಅವ್ವನ ನಗು ಕೇಳಿಸಿತು. ಸೆರಗು ಬಾಯಿಂದ ಜಾರಿತ್ತು. "ಆವಮ್ಮುಂಗೆ ಬೀಳಾಕೇ ಬರಾಕಿಲ್ಲ ಕಣ್ಲಾ. ನನ್ನೇ ಮಲಗ್ಸು."

"ಬಾಯಿ ಕಾಣ್ತದೆ ಕಣವ್ವ" ಎಂದೆ. ಅಂದಮೇಲೆ ತಿಳಿಯಿತು, ನಾಚಿಕೆ ಅವಳಿಗಿಂತ ನನಗೇ ಹೆಚ್ಚಿತ್ತು.

"ಕಾಣ್ಲಿ ಬುಡು. ನನ್ನಂಗೇ ಇನ್ನೊಬ್ಳು ಎಲ್ಲೋ ಬಿದ್ದಿರ್ತಾಳೆ. ಅವ್ಳ ಮಗ ನೋಡಿ ಕಲ್ತ್ಕಳ್ಲಿ. ಆ ಬೇಸಿನ್ನೂ ತಂದು ಮಡುಗು. ಅದಿಲ್ದೆ ನಾನೇನು ಈ ಸಾಹೇಬ್ರ ಟೋಪೀಲಿ ಉಚ್ಚೆ ಉಯ್ಯಾದಾ?"

ಡೈರೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಬೇಸಿನ್ ಬಂತು. ನಾಟಕದ ಹೆಂಗಸು ತಾನೇ ಅವ್ವನ ದಿಂಬು ಸರಿಮಾಡಿದಳು. ನಾನು ಎತ್ತಿದೆ, ಅವ್ವ ಎಂದಿನಂತೆ ಬೈದಳು, ಕ್ಯಾಮೆರಾ ಓಡಿತು.

ಟಿ. ನರಸೀಪುರದ ಶಾಲೆಯೊಂದರಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಆ ಸಿನಿಮಾ ತೋರಿಸಿದಾಗ ನಾನೂ ಹೋಗಿದ್ದೆ. ಹಿಂದಿನ ಸಾಲಿನಿಂದ ಗಂಡಸೊಬ್ಬ ಎದ್ದು, "ಎದೆಗೊರಗಿಸ್ಕಳಾದ ಇನ್ನೊಂದ್ಸಲ ಬುಡಿ ಸಾ" ಎಂದ. ಅವ್ವನ ಸೊಟ್ಟ ಬಾಯಿಯ ಮಾತು ಯಾರೂ ಎತ್ತಲಿಲ್ಲ. ಬಂದು ಹೇಳಿದರೆ ಅವ್ವ, "ನಾನು ಬಯ್ದಿದ್ದೂ ಕೇಳಿಸ್ತಾ?" ಎಂದಳು.

ಈಗ ಯಾರು ಬಂದರೂ ಬೇಸಿನ್ ಇದ್ದಲ್ಲೇ ಇರುತ್ತದೆ. ಬಂದವರು ಕ್ಯಾಲೆಂಡರಿನ ಕಡೆ ತಿರುಗಿದರೆ ಅವ್ವನೇ ಹೇಳುತ್ತಾಳೆ: "ತಾರೀಕು ಆಮೇಕೆ ನೋಡೀರಂತೆ. ಆ ಬೇಸಿನ್ನ ವಸಿ ಇತ್ತಾಗಿ ತಳ್ಳಿ."