ಜಾಲಿ ಮರದ ಎಡಕ್ಕೆ

ಇಚಲಕರಂಜಿಯ ಮಗ್ಗದ ಮಾಲೀಕರೊಬ್ಬರ ಬಳಿ ಸೀರೆಯ ಅಂಚಿಗೆ ಡಿಸೈನ್ ಹಾಕುವುದು ನನ್ನ ಹೊಟ್ಟೆಪಾಡು. ವಾರವೆಲ್ಲ ನವಿಲು, ಮಾವಿನಕಾಯಿ, ಮತ್ತೆ ನವಿಲು. ಆ ನವಿಲುಗಳ ಕಾಟ ಸಾಕಾಗಿ, ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ, ಎಣ್ಣೆಬಣ್ಣದ ಪೆಟ್ಟಿಗೆ ಹೊತ್ತು ಗಡಹಿಂಗ್ಲಜ ಹತ್ತಿರದ ಮಾವಶಿಯ ಹಳ್ಳಿಗೆ ಹೋದೆ. ಮಾವಶಿ ನನ್ನ ಅವ್ವನ ತಂಗಿ. ಅವಳ ಜೀವವೆಲ್ಲ ಅವಳ ಗಬ್ಬದ ಎಮ್ಮೆಯ ಮೇಲಿತ್ತು.

ಅವಳ ಹೊಲದಾಚೆ, ಕಬ್ಬಿಗೆ ವರ್ಷಗಟ್ಟಲೆ ನೀರುಣಿಸಿ ಕೆಡಿಸಿಕೊಂಡ ನೆಲವಿದೆ. ಈಗ ಅದು ಜವುಗು. ನಡುವೆ ಒಂದೇ ಜಾಲಿ ಮರ. ಮೇಲೆ ಹಸಿರು ಹುಲ್ಲು, ಕೆಳಗೆ ತಳ ಸಿಗದ ರಾಡಿ. ಎಲ್ಲಿ ಕಾಲು ಹೂತಿತೋ ಅಲ್ಲಿ ಕೋಲು ನೆಟ್ಟು ಕೆಂಪು ಚಿಂದಿ ಕಟ್ಟುವುದು ಊರಿನ ರೂಢಿ. ಆ ಚಿಂದಿಗಳನ್ನು ಮಗ್ಗದ ಶೆಡ್ಡಿನಿಂದ ತಂದುಕೊಟ್ಟವನೂ ನಾನೇ.

"ಚಿಂದಿ ಇದ್ದ ಕಡೆ ಕಾಲಿಡಬ್ಯಾಡ ತಮ್ಮಾ. ಗಿಡದ ಆ ಕಡೆಯಿಂದ ಹೋದ್ರ ಏನೂ ಆಗಂಗಿಲ್ಲ," ಎಂದಿದ್ದಳು ಮಾವಶಿ.

ರವಿವಾರ ಸಂಜೆ ಅಲ್ಲಿ ಚಿತ್ರ ಬರೆಯಲು ನಿಂತೆ. ಕಪ್ಪೆ ಕೂಡ ಕೂಗುತ್ತಿರಲಿಲ್ಲ. ಆಗೊಂದು ಈಗೊಂದು ಗುಳ್ಳೆ ಎದ್ದು ಒಡೆದಾಗ ಕೊಳೆತ ವಾಸನೆ ಬರುತ್ತಿತ್ತು. ನನಗೆ ಹೆದರಿಕೆಯೂ ಆಯಿತು, ಆ ಹೆದರಿಕೆ ಕ್ಯಾನ್ವಾಸಿಗೆ ಇಳಿಯುತ್ತಿದೆ ಎಂಬ ಖುಷಿಯೂ ಆಯಿತು. ಇಂಪ್ರೆಷನಿಸ್ಟ್ ಚಿತ್ರಕಾರರ ಹಾಗೆ, ಗೆರೆ ಎಳೆಯದೆ, ಹಸಿ ಬಣ್ಣದ ಮೇಲೇ ಹಸಿ ಬಣ್ಣ ಮೆತ್ತುತ್ತ ಹೋದೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ರಾಡಿ. ಹಿಂದೆ ಸರಿದರೆ ಜವುಗು.

ಒಂದೇ ತಕರಾರು. ಕೆಂಪು ಚಿಂದಿ ಜಾಲಿಯ ಬಲಕ್ಕಿತ್ತು, ಚಿತ್ರಕ್ಕೆ ಅದು ಎಡಕ್ಕೆ ಬೇಕಿತ್ತು. ಊಹಿಸಿ ಬರೆಯಬಹುದಿತ್ತು. ಆದರೆ ಕಣ್ಣಿಗೆ ಕಂಡದ್ದನ್ನೇ ಬರೆಯಬೇಕೆಂಬ ಒಣ ಹಟ ನನ್ನದು. ಗಟ್ಟಿ ನೆಲದ ಅಂಚಿನಿಂದಲೇ ಕೋಲು ಕಿತ್ತು ಎಡಕ್ಕೆ ನೆಟ್ಟೆ. ಹೋಗುವಾಗ ಮತ್ತೆ ಅಲ್ಲೇ ಹಾಕಿದರಾಯಿತು ಎಂದುಕೊಂಡೆ. ಚಿಂದಿ ಬರೆದು ಮುಗಿಸುವಷ್ಟರಲ್ಲಿ ಮಳೆ ಬಂತು. ಹಸಿ ಕ್ಯಾನ್ವಾಸು ಎತ್ತಿ ಹಿಡಿದು ಓಡಿದೆ. ಕೋಲು ನೆನಪಾಗಲಿಲ್ಲ.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮಾವಶಿಯ ಕೂಗು ಕೇಳಿತು. ಅವಳು ಚಿಂದಿ ನೋಡಿಕೊಂಡೇ ಹೊಡೆದುಕೊಂಡು ಹೋಗಿದ್ದ ಎಮ್ಮೆ ಜಾಲಿಯ ಬಲಕ್ಕೆ ಹೊಟ್ಟೆಯವರೆಗೆ ಹೂತುಹೋಗಿತ್ತು. ಎಂಟು ಜನ ಹಗ್ಗ ಹಾಕಿ ಎಳೆದರು, ನಾನೂ ಎಳೆದೆ. ಮಧ್ಯಾಹ್ನಕ್ಕೆ ಹೊರಗೆ ಬಂತು, ಎದ್ದು ನಿಲ್ಲಲಿಲ್ಲ. ಹೊತ್ತು ಮುಳುಗುವ ಮೊದಲೇ ಹೊಟ್ಟೆಯೊಳಗಿನ ಕರುವಿನೊಂದಿಗೆ ಸತ್ತಿತು.

"ಬಾಜೂ ಹೊಲದಾವನೇ ಕೋಲ ಕಿತ್ತಾನ," ಎಂದಳು ಮಾವಶಿ. ಅವನೊಂದಿಗೆ ಅವಳಿಗೆ ಬದುವಿನ ಜಗಳವಿತ್ತು. "ಅವನ ಕೈ ಸೆಟದ ಹೋಗ್ಲಿ!"

ನಾನು ಹಗ್ಗದ ರಾಡಿ ತೊಳೆದು ಸುತ್ತಿಟ್ಟೆ. ಅಂದೇ ಚಿತ್ರದ ಆ ಕೆಂಪನ್ನು ಒರೆಸಬಹುದಿತ್ತು. ಎಣ್ಣೆಬಣ್ಣ ವಾರವಾದರೂ ಹಸಿಯಾಗಿಯೇ ಇರುತ್ತದೆ. ಹೇಳಲು ನಾಚಿಕೆ, ಚಿತ್ರ ಚೆನ್ನಾಗಿ ಬಂದಿತ್ತು, ಮನಸ್ಸಾಗಲಿಲ್ಲ.

ಮರುದಿನ ಅವಳು ಪಡಸಾಲೆಯಲ್ಲಿ ಅದರ ಮುಂದೆ ನಿಂತಳು. "ಇದೇನ ತಮ್ಮಾ, ಬರೇ ರಾಡಿ ತಗದಿ?"

ಹೊಗಳಿಕೆಯ ಆಸೆ ಎಂಥ ಹೊತ್ತಿನಲ್ಲೂ ಬಿಡುವುದಿಲ್ಲ. "ಹಿಂದ ಸರದ ನೋಡ, ಮಾವಶಿ," ಎಂದೆ.

ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು, ಎಮ್ಮೆ ಕಟ್ಟುತ್ತಿದ್ದ ಗೂಟದವರೆಗೆ.

"ಹೌದಲ್ಲೋ. ನೀರ ಕಾಣತೈತಿ. ನಮ್ಮ ಜಾಲಿ ಗಿಡ... ಚಿಂದಿ ಎಡಕ್ಕ ಐತಿ."

ಮತ್ತೆ ಹತ್ತಿರ ಬಂದು ಆ ಕೆಂಪಿನ ಮೇಲೆ ಬೆರಳಿಟ್ಟಳು. ಬಣ್ಣ ಬೆರಳಿಗೆ ಹತ್ತಿತು.

"ಇದನ್ನ ಯಾವತ್ತ ತಗದಿ, ತಮ್ಮಾ?"

"ರವಿವಾರ," ಎಂದೆ.