ಮಂಚದ ಕೆಳಗಿನ ಉತ್ತರ

2022ರಲ್ಲಿ ನನಗೆ ಐವತ್ತೆರಡು ವರ್ಷ. ಮೊಮ್ಮಗಳಿಗೆ ಎರಡು ವರ್ಷ ಮೂರು ತಿಂಗಳು. ಇಪ್ಪತ್ತಾರು ವರ್ಷ ಕನ್ನಡ ವ್ಯಾಕರಣ ಕಲಿಸಿ, ಆ ವರ್ಷವೇ ಸ್ವಂತ ಇಚ್ಛೆಯಿಂದ ಶಾಲೆ ಬಿಟ್ಟು ಹಿಂದೂಪುರದ ಮನೆಯಲ್ಲಿ ಕುಳಿತಿದ್ದೆ. ಮಗಳು ಕಲ್ಯಾಣದುರ್ಗದಿಂದ ಬಂದು, ಮಗುವನ್ನು ಹದಿನೈದು ದಿನದ ಮಟ್ಟಿಗೆ ನಮ್ಮಲ್ಲಿ ಬಿಟ್ಟುಹೋದಳು. ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮಕ್ಕಳು ಮಾತನಾಡುವುದಕ್ಕೆ ಮೊದಲೇ ಮಾತನ್ನು ಅರ್ಥ ಮಾಡಿಕೊಳ್ಳುತ್ತವೆ ಎಂಬುದನ್ನು ನಾನು ಬಲ್ಲೆನೆಂದುಕೊಂಡಿದ್ದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಕ್ಕೆ ನಾನು ಹೇಳುವ ವಾಕ್ಯ, ಬಲಕ್ಕೆ ಮಗು ಮಾಡುವ ಕೆಲಸ ಬರೆಯತೊಡಗಿದೆ. ‘ಲೋಟ ತಾ’ ಎಂದರೆ ತಂದಿತು. ‘ತಾತನ ಚಪ್ಪಲಿ ತೋರಿಸು’ ಎಂದರೆ ತೋರಿಸಿತು. ‘ಬಾಗಿಲು ಹಾಕು’ ಎಂದಾಗ ಮಾತ್ರ ಬಾಗಿಲ ಕಡೆ ತಿರುಗಲೇ ಇಲ್ಲ. ಮಂಚದ ಕೆಳಗೆ ನುಸುಳಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿತು.

ತಪ್ಪು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ತೋಳು ಹಿಡಿದು ಹೊರಗೆಳೆದು, ಬಾಗಿಲ ಮುಂದೆ ನಿಲ್ಲಿಸಿ, ಅದೇ ವಾಕ್ಯವನ್ನು ಬಿಡಿಸಿ ಬಿಡಿಸಿ ಹೇಳಿದೆ. ಮತ್ತೆ ಮಂಚದ ಕೆಳಗೆ. ಮೂರನೆಯ ಸಲವೂ ಅಲ್ಲಿಗೇ ನುಸುಳಿದಾಗ ಹೊರಗೆಳೆದು ನಿಲ್ಲಿಸಿ, ಶಾಲೆಯಿಂದ ತಂದಿದ್ದ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆದೆ. ಮಗು ಅಳಲಿಲ್ಲ; ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

“ಏನ್ರೀ ನೀವು! ಅದೇನ್ ಪರೀಕ್ಷೆ ಕಟ್ಟೈತಾ?” ಎಂದು ಹೆಂಡತಿ ಸ್ಕೇಲು ಕಿತ್ತುಕೊಂಡಳು.

“ಇಷ್ಟು ಸಣ್ಣ ಮಾತು ತಿಳಿಯಬೇಡವೆ?”

“ತಿಳೀದೆ ಇರಾದು ಬ್ಯಾರೆ, ಹೆದ್ರಿರಾದು ಬ್ಯಾರೆ. ನಿಮ್ಗೆ ಎರಡೂ ಒಂದೇಯಾ.”

ಹದಿನಾರನೆಯ ದಿನ ಮಗುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೊರಟೆ. ಕಲ್ಯಾಣದುರ್ಗದ ಮನೆ ಮುಟ್ಟಿದಾಗ ಮಧ್ಯಾಹ್ನ. ಹಿತ್ತಲಲ್ಲಿ ಮಗುವಿನ ಕೈಕಾಲು ತೊಳೆಸುತ್ತಿದ್ದಾಗ ಅಳಿಯ ಅಂಗಡಿಯಿಂದ ಊಟಕ್ಕೆ ಬಂದ. ನಾನು ಬಂದಿರುವುದು ಅವನಿಗೆ ಗೊತ್ತಿರಲಿಲ್ಲ.

“ಸಾರು ಆರೋಗೈತೆ. ಇಷ್ಟೊತ್ತೂ ಏನ್ ಮಾಡ್ತಿದ್ದೆ?”

“ಅಪ್ಪ ಬಂದವ್ರೆ…” ಎಂದು ಮಗಳು ಬಾಯಿ ತೆರೆದಳು.

“ಎದುರು ಮಾತಾಡ್ತೀಯಾ? ಬಾಗ್ಲು ಹಾಕು.”

ದನಿ ಏರಿರಲಿಲ್ಲ. ಆದರೂ ನನ್ನ ಕೈಯಲ್ಲಿದ್ದ ಮಗುವಿನ ಒದ್ದೆ ಬೆರಳುಗಳು ಜಾರಿದವು. ಮಗು ಒಳಗೋಡಿ ಮಂಚದ ಕೆಳಗೆ ಸೇರಿ, ತಲೆಯ ಮೇಲೆ ಕೈ ಇಟ್ಟುಕೊಂಡಿತು. ನಾನು ಅದರ ಹಿಂದೆಯೇ ಹಿತ್ತಲ ಬಾಗಿಲಿಗೆ ಬಂದೆ. ಅವನ ಸೊಂಟದ ಬೆಲ್ಟು ಹೊರಬಂದದ್ದು ಆಮೇಲೆ. ಆ ಮನೆಯಲ್ಲಿ ಆ ವಾಕ್ಯದ ಬೆನ್ನಿಗೆ ಏನು ನಡೆಯುತ್ತಿತ್ತೋ ಅದನ್ನೇ ಮಗು ಅದರ ಅರ್ಥವೆಂದು ಕಲಿತಿತ್ತು. ನನಗೆ ಮೂರು ಸಲವೂ ಸರಿಯುತ್ತರ ಕೊಟ್ಟಿತ್ತು.

ಮೊದಲ ಏಟು ಮಗಳ ಕುತ್ತಿಗೆಗೆ, ಎರಡನೆಯದು ಅಡ್ಡ ತಂದ ಕೈಗೆ. ನಡುವೆ ನುಗ್ಗಿದೆ. ಮೂರನೆಯದರ ಬಕಲು ನನ್ನ ಹುಬ್ಬು ಸೀಳಿತು. ಕನ್ನಡಕ ಬಿದ್ದು ಒಡೆಯಿತು.

“ಓಹೋ, ಬಂದ್ಬುಟ್ರಾ ಮೇಷ್ಟ್ರು!” ಎಂದು ಅವನು ನಕ್ಕ. “ಸರೀರಿ ಮಾವ. ಇಸ್ಕೂಲ್ನಾಗೆ ನೀವು ಎಷ್ಟ್ ಮಕ್ಳ ಕೈ ಊದ್ಸಿಲ್ಲ? ನಂಗೆ ಬುದ್ಧಿ ಹೇಳಾಕ್ ಬಂದ್ರಾ?”

ಮೂಲೆಗೆ ಒರಗಿಸಿದ್ದ ಬಾಗಿಲ ಮರದ ಅಗುಳಿಯನ್ನು ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಮತ್ತೊಮ್ಮೆ ಎತ್ತಿದೆ.

“ಅಪ್ಪಾ, ಸಾಕು ಬಿಡಪ್ಪಾ, ಮಗು ನೋಡ್ತೈತೆ,” ಎಂದು ಮಗಳು ತೋಳು ಹಿಡಿದಳು. ಮಂಚದ ಕೆಳಗಿನ ಎರಡು ಕಣ್ಣುಗಳು ಅವನನ್ನು ನೋಡಿದಂತೆಯೇ ನನ್ನನ್ನೂ ನೋಡುತ್ತಿದ್ದವು.

ಸಂಜೆಯ ಬಸ್ಸಿಗೆ ಮೂವರೂ ಹಿಂದೂಪುರಕ್ಕೆ ಬಂದೆವು. ಮಗಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಸ್ಕೇಲನ್ನು ಮುರಿದು ನೀರೊಲೆಗೆ ಹಾಕಿದೆ. ಆ ವಾಕ್ಯವನ್ನು ಸುಡುವ ಒಲೆ ಮಾತ್ರ ಇರಲಿಲ್ಲ. ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಹಾಗೆಂದರೂ ನಮ್ಮ ಮಗು ಮಂಚದ ಕೆಳಗೆ ಓಡುತ್ತಿತ್ತು. ಹಾಗಾಗಿ ಆ ಎರಡು ಪದಗಳನ್ನು ನಾವು ಆಡುವುದನ್ನೇ ಬಿಟ್ಟೆವು. ನಾವೇ ಎದ್ದು ಹೋಗಿ, ಸದ್ದಾಗದಂತೆ ಬಾಗಿಲು ಸರಿಸುತ್ತಿದ್ದೆವು. ಕೂರಿಸಿಕೊಂಡು ವಿವರಿಸಲೂ ನೋಡಿದೆ. ಮಗು ವಿವರಣೆಯಿಂದ ಕಲಿತಿರಲಿಲ್ಲ. ವಿವರಣೆಯಿಂದ ಮರೆಯಲೂ ಇಲ್ಲ.

ಮರುವರ್ಷ ಆಷಾಢದ ಗಾಳಿಗೆ ಧೂಳು ಒಳನುಗ್ಗಿದಾಗ, ಮುದ್ದೆ ಕಟ್ಟುತ್ತಿದ್ದ ಹೆಂಡತಿ ಮೈಮರೆತು ಕೂಗಿದಳು: “ಬಾಗ್ಲು ಹಾಕು ಕಣಮ್ಮ, ಮಣ್ಣೆಲ್ಲ ಒಳಕ್ಕೆ ಬತ್ತೈತೆ!”

ಮಗಳು ನೀರು ಬಗ್ಗಿಸುತ್ತಿದ್ದ ಚೊಂಬನ್ನು ಹಾಗೆಯೇ ಹಿಡಿದು ನಿಂತಳು. ಮಗು ಮಂಚವನ್ನು ನೋಡಿತು. ಆಮೇಲೆ ನನ್ನ ಕೈಗಳನ್ನು ನೋಡಿತು. ನಾನು ಅಂಗೈ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡೆ. ಅದು ಹೋಗಿ ಭುಜ ಕೊಟ್ಟು ಬಾಗಿಲು ತಳ್ಳಿತು. ಬಾಗಿಲಿಗೆ ಬೆನ್ನು ಒತ್ತಿ ನಿಂತು ಕಾಯಿತು. ಏನೂ ಆಗಲಿಲ್ಲ.

“ಆಕ್ದೆ ಅಜ್ಜಿ,” ಎಂದಿತು.

ನೋಟ್‌ಬುಕ್ಕು ತೆಗೆದು, ಹಳೆಯ ಕೆಂಪು ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: ಬಾಗಿಲು ಹಾಕಿತು. ಗುರುವಾರ, 2023ರ ಜುಲೈ 6.