ರೇಡಿಯಂ ಪುಡಿ ಕೇರಿದವಳು

ಎರಡನೇ ಮಹಾಯುದ್ಧ ಮುಗಿದ ಮಾರನೇ ವರ್ಷ ಅರಿಶಿನಕುಂಟೆಯ ಹತ್ತಿರ ಒಂದು ಹೆಂಚಿನ ಶೆಡ್ಡಿನಲ್ಲಿ ನನಗೆ ಕೆಲಸ. ವಿಮಾನಗಳಿಂದ ಕಿತ್ತ ಹಳೆಯ ಗಡಿಯಾರ, ಮಾಪಕಗಳು ಗಾಡಿಗಟ್ಟಲೆ ಬರುತ್ತಿದ್ದವು. ಕತ್ತಲಲ್ಲೂ ಕಾಣಲೆಂದು ಅವುಗಳ ತಗಡಿನ ಮೇಲೆ ಅಂಕಿಗಳನ್ನು ರೇಡಿಯಂ ಬಣ್ಣದಲ್ಲಿ ಬರೆದಿರುತ್ತಿದ್ದರು. ಆ ಬಣ್ಣವನ್ನು ಒದ್ದೆ ಮಾಡಿ ಕೆರೆದು, ಒಣಗಿಸಿ, ಪುಡಿಯಲ್ಲಿ ರೇಡಿಯಂ ಎಷ್ಟಿದೆಯೆಂದು ಅಂದಾಜು ಮಾಡಿ, ಸಿಮೆಂಟು ಹಾಕಿ ಹೂಳಬೇಕು. ಅಂದಾಜು ಮಾಡುವವನು ನಾನು. ಇಂಟರ್‌ಮೀಡಿಯೆಟ್ ಓದಿದ್ದೆ, ಕೊಬ್ಬೂ ಸಾಕಷ್ಟಿತ್ತು.

ನನ್ನ ಉಪಕರಣವೆಂದರೆ ಒಂದು ಪೆಟ್ಟಿಗೆ, ಒಳಗೆ ಎರಡು ಚಿನ್ನದ ರೇಕು. ವಿದ್ಯುತ್ ಕೊಟ್ಟರೆ ದೂರ ನಿಲ್ಲುತ್ತವೆ, ರೇಡಿಯಂ ಹತ್ತಿರ ಬಂದರೆ ಕೂಡಿಕೊಳ್ಳುತ್ತವೆ. ಎಷ್ಟು ಬೇಗ ಕೂಡುತ್ತವೋ ಅಷ್ಟು ಹೆಚ್ಚು ರೇಡಿಯಂ.

ಮಾಪಕಗಳನ್ನು ಹುಲ್ಲಿನಲ್ಲಿ ಸುತ್ತಿ ಕಳಿಸುತ್ತಿದ್ದರಿಂದ ಪುಡಿಯ ತುಂಬ ಹುಲ್ಲಿನ ಚೂರು. ನನ್ನ ಹೆಂಡತಿ ರಾಗಿ ಕೇರಲು ಕೂತರೆ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ. "ಮೊರ ತಗೊಂಡ್ಬಾ, ಕೇರ್ಬಿಡು," ಎಂದವನು ನಾನೇ. ಎಂಟು ದಿನ ಅಂಗಳದಲ್ಲಿ ಕೂತು ಕೇರಿದಳು. ಚೂರು ಹಾರಿಸಲು ಮೊರಕ್ಕೆ ಬಾಯಿಟ್ಟು ಊದುತ್ತಿದ್ದಳು. ನಾನು ಕಿಟಕಿಯಿಂದ ಹೆಮ್ಮೆಯಿಂದ ನೋಡುತ್ತಿದ್ದೆ. ನನ್ನಂಥ ಮುಠ್ಠಾಳ ಇನ್ನೊಬ್ಬನಿರಲಾರ.

ಪುಡಿ ಅಳೆದಾಗ ಲೆಕ್ಕ ಕೂಡಲಿಲ್ಲ. ತಗಡಿನ ಮೇಲಿದ್ದಾಗ ಅಳೆದದ್ದಕ್ಕಿಂತ ತೀರಾ ಕಡಿಮೆ. ಅಂಗಳದ ಮಣ್ಣು ಅಳೆದೆ, ಮೊರ ಅಳೆದೆ, ಹಾರಿದ ಹುಲ್ಲು ಗುಡಿಸಿ ಅಳೆದೆ. ಒಂದಿಷ್ಟು ಸಿಕ್ಕಿತು, ಸಾಲಲಿಲ್ಲ. ಮಿಕ್ಕದ್ದು ಗಾಳಿಗೆ ಹೋಯಿತೆಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಗಾಳಿಯಲ್ಲಿ ಉಸಿರಾಡಿದವಳು ಒಬ್ಬಳಿದ್ದಳು. ಅದು ಹೊಳೆದ ಮೇಲೂ, ಹೊಳೆಯದವನಂತೆ ನಟಿಸುತ್ತಾ ಮಣ್ಣನ್ನೇ ಇನ್ನೊಂದು ಸಲ ಅಳೆದೆ.

ಮಧ್ಯಾಹ್ನ ಬುತ್ತಿ ತಂದವಳನ್ನು ಹತ್ತಿರ ಕರೆದೆ. ಮೈಯೊಳಗೆ ರೇಡಿಯಂ ಸೇರಿದ್ದರೆ ಅದರಿಂದ ಹುಟ್ಟುವ ಅನಿಲ ಉಸಿರಿನಲ್ಲಿ ಹೊರಬರುತ್ತದೆ. ಪೆಟ್ಟಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿ ಮೊದಲು ನಾನು ಊದಿದೆ. ರೇಕುಗಳು ಜಗ್ಗಲಿಲ್ಲ.

"ಈಗ ನೀನು ಊದು."

"ನಾನ್ಯಾಕ್ರೀ?" ಎಂದು ನಗುತ್ತಲೇ ಊದಿದಳು.

ರೇಕುಗಳು ಮೆಲ್ಲಗೆ, ಆದರೆ ನಿಲ್ಲದೆ ಕೂಡಿಕೊಂಡವು. ಮತ್ತೆ ವಿದ್ಯುತ್ ಕೊಟ್ಟು ಊದಿಸಿದೆ. ಮತ್ತೆ ಕೂಡಿದವು. ಅವಳ ಎದೆಯೊಳಗಿನದನ್ನು ಕೆರೆದು ತೆಗೆಯುವ ಉಪಾಯ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಗಳಿಗೆಯಲ್ಲೇ ಸತ್ತುಹೋಗಬೇಕೆನಿಸಿತು.

ಲೆಕ್ಕ ಕೂಡದ ಕೊರಗಿನಲ್ಲಿ ನಾಲ್ಕು ದಿನದಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಅದೊಂದೇ ಅವಳ ಚಿಂತೆ.

"ಸಿಕ್ತೇನ್ರೀ ಕಾಣೆಯಾಗಿದ್ದು?" ಎಂದಳು.

"ಸಿಕ್ತು ಕಣೆ."

"ಸದ್ಯ. ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣಿ," ಎಂದು ಬುತ್ತಿ ಬಿಚ್ಚಿದಳು.